ದೇವರನ್ನು ನಂಬುತ್ತೀರಾ? 1937ರ ಗಣತಿಯ ಕಥೆ

ಜನಗಣತಿಯವರು ಮನೆಗೆ ಬಂದು ಧರ್ಮ ಯಾವುದು ಎಂದು ಕೇಳುತ್ತಾರೆ. ನಾವು ಹೇಳುತ್ತೇವೆ, ಅವರು ಬರೆದುಕೊಳ್ಳುತ್ತಾರೆ. 1937ರ ಸೋವಿಯತ್ ಒಕ್ಕೂಟದಲ್ಲಿ ಇಂಥ ಪ್ರಶ್ನೆಗೆ ಉತ್ತರಿಸಲು ಗುಂಡಿಗೆ ಬೇಕಿತ್ತು.

ಸ್ಟಾಲಿನ್ ಸರ್ಕಾರ ಅಷ್ಟರಲ್ಲಿ ಸಾವಿರಾರು ಚರ್ಚು, ಮಸೀದಿಗಳಿಗೆ ಬೀಗ ಹಾಕಿಸಿತ್ತು. ಪಾದ್ರಿಗಳನ್ನು ಸೆರೆಗೆ ತಳ್ಳಿತ್ತು. ಆ ವರ್ಷ ಜನವರಿಯಲ್ಲಿ ನಡೆದ ಗಣತಿಯಲ್ಲಿ 16 ವರ್ಷ ದಾಟಿದವರನ್ನೆಲ್ಲ ಕೇಳಿದರು: ನೀವು ದೇವರನ್ನು ನಂಬುವವರೇ? ಯಾವ ಧರ್ಮ? ಹೌದೆಂದು ಬರೆಸಿದರೆ ಏನಾದೀತೋ ಎಂಬ ಹೆದರಿಕೆ ಜನರಲ್ಲಿತ್ತು. ಆದರೂ ಉತ್ತರ ಕೊಟ್ಟವರಲ್ಲಿ 100ಕ್ಕೆ ಸುಮಾರು 57 ಮಂದಿ, ಅಂದರೆ 5.5 ಕೋಟಿ ಜನ, ನಂಬುತ್ತೇವೆ ಎಂದೇ ಬರೆಸಿದರು.

ಸರ್ಕಾರಕ್ಕೆ ಇನ್ನೂ ದೊಡ್ಡ ಪೆಟ್ಟು ಕೊಟ್ಟದ್ದು ಒಟ್ಟು ಜನಸಂಖ್ಯೆ. ಅದು ಬರೀ 16.2 ಕೋಟಿ, ನಾಯಕರು ಎಣಿಸಿದ್ದಕ್ಕಿಂತ ಬಹಳ ಕಡಿಮೆ. 1932–33ರ ಬರಗಾಲದಲ್ಲಿ ಲಕ್ಷಾಂತರ ಜನ ಸತ್ತದ್ದನ್ನು ಆ ಲೆಕ್ಕ ಬಯಲು ಮಾಡುತ್ತಿತ್ತು. ಗಣತಿಯನ್ನೇ ರದ್ದು ಮಾಡಿದರು. ಅದರ ಹೊಣೆ ಹೊತ್ತಿದ್ದ ಒಲಿಂಪಿ ಕ್ವಿಟ್ಕಿನ್ ಅವರನ್ನು ಅದೇ ವರ್ಷ ಗುಂಡಿಟ್ಟು ಕೊಂದರು. ಅಂಕಿಗಳು ಸುಮಾರು ಅರ್ಧ ಶತಮಾನ ಕಡತದೊಳಗೇ ಉಳಿದವು. 1939ರ ಮರುಗಣತಿಯಲ್ಲಿ ಧರ್ಮದ ಪ್ರಶ್ನೆಯನ್ನೇ ತೆಗೆದರು. ಆ ದೇಶ ಒಡೆಯುವವರೆಗೂ ಅದು ಮತ್ತೆ ಬರಲಿಲ್ಲ.

ನಮ್ಮ 1948ರ ಜನಗಣತಿ ಕಾಯ್ದೆ ಪ್ರಕಾರ ಮನೆಯವರು ಕೊಟ್ಟ ವಿವರವನ್ನು ಗುಟ್ಟಾಗಿಡಬೇಕು. ಜನ ನಿಜ ಹೇಳಬೇಕಾದರೆ ಆ ಭರವಸೆ ಬೇಕೇ ಬೇಕು. ಜೊತೆಗೆ, ಬಂದ ಉತ್ತರವನ್ನು ಸರ್ಕಾರ ಬಚ್ಚಿಡದೆ ಒಪ್ಪಿಕೊಳ್ಳಬೇಕು.