ಬಟಾಣಿಯ ಏಕವಚನ

ಇಂಗ್ಲಿಷಿನಲ್ಲಿ ಬಟಾಣಿಯ ಒಂದು ಕಾಳಿಗೆ ‘ಪೀ’ ಎನ್ನುತ್ತಾರೆ. ಆ ಭಾಷೆಯಲ್ಲಿ ಮೊದಲು ಇದ್ದ ಪದ ‘ಪೀಸ್’. ಲ್ಯಾಟಿನ್ನಿನ ‘ಪೀಸುಮ್’ನಿಂದ ಬಂದ ಈ ಪದದ ಕೊನೆಯ ‘ಸ್’ ಪದದ ಅಂಗವೇ ಹೊರತು ಬಹುವಚನದ ಪ್ರತ್ಯಯವಲ್ಲ. ನಮ್ಮ ರಾಗಿ, ಅಕ್ಕಿಗಳಂತೆ ಅದು ರಾಶಿಯನ್ನೂ ಸೂಚಿಸುತ್ತಿತ್ತು. 17ನೆಯ ಶತಮಾನದ ಹೊತ್ತಿಗೆ ಜನರು ಆ ‘ಸ್’ ಅನ್ನು ಬಹುವಚನವೆಂದೇ ಭಾವಿಸಿ, ಅದನ್ನು ಕಳಚಿಹಾಕಿ ‘ಪೀ’ ಎಂಬ ಏಕವಚನವನ್ನು ಹುಟ್ಟಿಸಿಕೊಂಡರು. ಅಂದಿನ ಪಂಡಿತನ ಕಣ್ಣಿಗೆ ಇದು ಶುದ್ಧ ಅಪಭ್ರಂಶ. ಇಂದು ನಿಘಂಟಿನ ಪದ.

‘ಡೇಟಾ’ ನಡೆದದ್ದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. ‘ಡೇಟಮ್’ ಎಂಬುದರ ಬಹುವಚನವಾಗಿದ್ದ ಅದು ಈಗ ಬಹುಮಟ್ಟಿಗೆ ಏಕವಚನದ ಕ್ರಿಯಾಪದವನ್ನೇ ಬಯಸುತ್ತದೆ. ಇನ್ನು ಗೋಧಿ (‘ವೀಟ್’) ಏಕವಚನವಾಗಿರುವಾಗ ‘ಓಟ್ಸ್’ ಏಕೆ ಬಹುವಚನ? ಅಳೆದೋ ತೂಗಿಯೋ ಕೊಡುವ ಎರಡು ಧಾನ್ಯಗಳಲ್ಲಿ ಈ ಪಂಕ್ತಿಭೇದವೇಕೆಂದು ತರಗತಿಯಲ್ಲಿ ಹುಡುಗರು ಕೇಳಿದರೆ, ‘ರೂಢಿ’ ಎಂಬುದಕ್ಕಿಂತ ಉತ್ತಮವಾದ ಉತ್ತರ ನನ್ನಲ್ಲಿರಲಿಲ್ಲ.

ಇಂಥ ರೂಢಿಯನ್ನು ಯಂತ್ರಕ್ಕೆ ಕಲಿಸುವ ಪ್ರಯತ್ನ 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ನಡೆಯಿತು. ಅಲ್ಲಿಯ ‘ರೈಟರ್ಸ್ ವರ್ಕ್‌ಬೆಂಚ್’ ವಾಕ್ಯದ ಉದ್ದವನ್ನು ಎಣಿಸುತ್ತಿತ್ತು, ಸವೆದ ನುಡಿಗಟ್ಟುಗಳನ್ನು ತೋರಿಸುತ್ತಿತ್ತು. 1981ರ ‘ಗ್ರಮ್ಯಾಟಿಕ್’ ಕೂಡ ಆರಂಭದಲ್ಲಿ ಬಹುತೇಕ ಪದಪಟ್ಟಿಯನ್ನೇ ನಂಬಿತ್ತು. ವಾಕ್ಯವನ್ನು ನಿಜವಾಗಿ ಅನ್ವಯ ಮಾಡಿ ನೋಡಿದ್ದು ಐ.ಬಿ.ಎಂ. ಸಂಸ್ಥೆಯ ‘ಎಪಿಸಲ್’ ಯೋಜನೆ. ಅದರಲ್ಲಿ ದುಡಿದ ಜಾರ್ಜ್ ಹೈಡಾರ್ನ್ ಮತ್ತು ಕ್ಯಾರೆನ್ ಜೆನ್ಸನ್ ಮುಂದೆ ಮೈಕ್ರೋಸಾಫ್ಟ್ ಸೇರಿದರು. 1997ರ ‘ವರ್ಡ್’ನಲ್ಲಿ ಮೂಡಿದ ಹಸಿರು ಅಂಕುಡೊಂಕು ಗೆರೆಯ ಹಿಂದೆ ಅವರ ಶ್ರಮವಿದೆ. ಅದು ಸಣ್ಣ ಸಾಧನೆಯಲ್ಲ.

ಆದರೆ ಕರ್ತೃವಿಗೂ ಕ್ರಿಯೆಗೂ ಹೊಂದಿಕೆ ಇದೆಯೇ ಎಂದು ನೋಡಲು ಕರ್ತೃಪದದ ರೂಪವಷ್ಟೇ ಸಾಲದು. ‘ಟೆನ್ ಮೈಲ್ಸ್ ಈಸ್ ಎ ಲಾಂಗ್ ವಾಕ್’ ಸಾಧುವಾದ ವಾಕ್ಯ. ಹತ್ತು ಮೈಲಿಯೂ ಸೇರಿ ಅಲ್ಲಿ ಒಂದೇ ದೂರ. ‘ಕಮಿಟಿ’ಗೆ ಬ್ರಿಟಿಷರು ಸಂದರ್ಭ ನೋಡಿ ‘ಹ್ಯಾವ್’ ಹಚ್ಚುತ್ತಾರೆ, ಅಮೆರಿಕನ್ನರು ಸಾಮಾನ್ಯವಾಗಿ ‘ಹ್ಯಾಸ್’ ಎನ್ನುತ್ತಾರೆ. ಬರೆಯುವವನ ಮನಸ್ಸಿನಲ್ಲಿ ಇರುವುದು ಒಂದು ಮೊತ್ತವೋ, ಬಿಡಿಬಿಡಿ ಘಟಕಗಳೋ? ಇಂದಿನ ತಂತ್ರಾಂಶಗಳು ಅಪಾರ ಬರಹವನ್ನು ಅರಗಿಸಿಕೊಂಡು ಹಿಂದಿನವುಗಳಿಗಿಂತ ಎಷ್ಟೋ ಚೆನ್ನಾಗಿ ಊಹಿಸುತ್ತವೆ, ನಿಜ. ಆದರೂ ಊಹೆ ಊಹೆಯೇ.

ನನ್ನ ಶಿಷ್ಯನೊಬ್ಬ ಉದ್ಯೋಗದ ಅರ್ಜಿಯಲ್ಲಿ ಸರಿಯಾಗಿಯೇ ಬರೆದಿದ್ದ ‘ಈಸ್’ ಅನ್ನು ಯಾವುದೋ ತಂತ್ರಾಂಶದ ಮಾತು ಕೇಳಿ ‘ಆರ್’ ಮಾಡಿದ್ದ. “ಕಂಪ್ಯೂಟರೇ ತಪ್ಪು ಅಂತು ಸಾರ್” ಎಂದ. ಏಳು ವರ್ಷ ಇಂಗ್ಲಿಷ್ ಓದಿದ ಹುಡುಗನಿಗೆ ತನ್ನ ಕಿವಿಯ ಮೇಲೆಯೇ ನಂಬಿಕೆ ಹೋಗಿತ್ತು. ನನಗೆ ಬೇಸರವಾದದ್ದು ಅದಕ್ಕೆ.

ಕನ್ನಡದಲ್ಲಿ ಈ ತೊಡಕು ಬೇರೆ ವೇಷದಲ್ಲಿ ಬರುತ್ತದೆ. ‘ಎರಡು ಸೇರು ಹಾಲು ಉಕ್ಕಿತು’ ಎನ್ನಲು ನಾವು ಯೋಚಿಸುವುದೇ ಇಲ್ಲ. ‘ನಾಲ್ಕು ಮರ ಬಿತ್ತು’ ಎಂದು ಆಡುತ್ತೇವೆ, ‘ನಾಲ್ಕು ಮರಗಳು ಬಿದ್ದವು’ ಎಂದು ಬರೆಯುತ್ತೇವೆ. ಇನ್ನು ‘ಗುರುಗಳು ಬಂದರು’ ಎಂದರೆ ಬಂದವರು ಎಷ್ಟು ಮಂದಿ? ಒಬ್ಬರೇ ಇರಬಹುದು, ಇಡೀ ಅಧ್ಯಾಪಕವೃಂದವೂ ಇರಬಹುದು. ಹಿಂದಿನ ವಾಕ್ಯವನ್ನು ಓದಿದವರಿಗೆ ಗೊತ್ತು.