ತೋಟದಲ್ಲಿ ಸಿಕ್ಕ ಯೆಮನ್ ನಾಣ್ಯ, ಕಡಲ್ಗಳ್ಳರ ಇತಿಹಾಸದ ಹುಚ್ಚು ಹಿಡಿದವರು

1/6
ಫ್ರೆಂಡ್ಸ್, ಇವತ್ತಿನ ಕಥೆ ಒಂದು ಸಣ್ಣ ಬೆಳ್ಳಿ ನಾಣ್ಯದ್ದು. 2014ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಮಿಡಲ್‌ಟೌನ್ ಅನ್ನೋ ಊರಿನ ಹಣ್ಣಿನ ತೋಟದಲ್ಲಿ ಇದು ಜಿಮ್ ಬೇಯ್ಲಿ ಅನ್ನೋರಿಗೆ ಸಿಕ್ತು. ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಹಳೇ ಜಾಗಗಳಲ್ಲಿ ಹುಡುಕೋದು ಅವರ ಹವ್ಯಾಸ. ನಾಣ್ಯದ ಮೇಲಿದ್ದದ್ದು ಅರೇಬಿಕ್ ಅಕ್ಷರ. ವಿಚಾರಿಸಿ ನೋಡಿದಾಗ 1693ರಲ್ಲಿ ಯೆಮನ್‌ನಲ್ಲಿ ಟಂಕಿಸಿದ್ದು ಅಂತ ಗೊತ್ತಾಯ್ತು. ಆ ಕಾಲದಲ್ಲಿ ರೋಡ್ ಐಲೆಂಡ್ ಅಂದ್ರೆ ಇಂಗ್ಲಿಷರ ಒಂದು ಪುಟ್ಟ ವಸಾಹತು. ಅಲ್ಲಿನವರು ಅರಬ್ ನಾಡಿಗೆ ವ್ಯಾಪಾರಕ್ಕೆ ಹೋದ ಪುರಾವೆ ಇಲ್ಲ. ಹಾಗಾದ್ರೆ ಆ ನಾಣ್ಯ ಅಷ್ಟು ದೂರ ಹೋಗಿದ್ದು ಹೇಗೆ?

2/6
ಉತ್ತರ ನಮ್ಮ ಸಮುದ್ರದ ಕಡೆ ಇದೆ. 1695ರ ಸೆಪ್ಟೆಂಬರ್. ಔರಂಗಜೇಬನ ದೊಡ್ಡ ಹಡಗು ಗಂಜ್-ಇ-ಸವಾಯಿ ಸೂರತ್‌ಗೆ ವಾಪಸ್ ಬರ್ತಿತ್ತು. ಅದರಲ್ಲಿ ಇದ್ದವರು ಹಜ್ ಮುಗಿಸಿದ ಯಾತ್ರಿಕರು, ವ್ಯಾಪಾರಿಗಳು, ಹೆಂಗಸರು. ಜೊತೆಗೆ ಚಿನ್ನ ಬೆಳ್ಳಿ. ಹೆನ್ರಿ ಎವರಿ ಅನ್ನೋ ಇಂಗ್ಲಿಷ್ ಕಡಲ್ಗಳ್ಳ ತನ್ನ 'ಫ್ಯಾನ್ಸಿ' ಹಡಗಿನಲ್ಲಿ ಬಂದು ಅದನ್ನ ಹಿಡಿದ. ಮೊಘಲ್ ಹಡಗಿನ ಒಂದು ಫಿರಂಗಿ ಅಲ್ಲೇ ಸಿಡಿದು ಅದರವರೇ ಸತ್ತರು. ಆಮೇಲೆ ದಿನಗಟ್ಟಲೆ ಲೂಟಿ, ಚಿತ್ರಹಿಂಸೆ, ಹೆಂಗಸರ ಮೇಲೆ ಅತ್ಯಾಚಾರ. ಆಗ ಸೂರತ್‌ನಲ್ಲಿದ್ದ ಇತಿಹಾಸಕಾರ ಖಾಫಿ ಖಾನ್ ಈ ಘಟನೆಯನ್ನ ಬರೆದಿಟ್ಟಿದ್ದಾನೆ.

3/6
ಪೆಟ್ಟು ಬಿದ್ದಿದ್ದು ಈಸ್ಟ್ ಇಂಡಿಯಾ ಕಂಪನಿಗೆ. ಸಿಟ್ಟಿಗೆದ್ದ ಔರಂಗಜೇಬ ಅವರ ಕೋಠಿಗಳನ್ನ ಮುಚ್ಚಿಸಿದ, ಸೂರತ್‌ನ ಇಂಗ್ಲಿಷರನ್ನ ಸೆರೆಯಲ್ಲಿಟ್ಟ. ಲಂಡನ್ನಿನಲ್ಲಿ ಎವರಿ ತಲೆಗೆ ಬಹುಮಾನ ಘೋಷಣೆ ಆಯ್ತು, 1000 ಪೌಂಡ್ ತನಕ ಏರಿತು. ಅವನ ಜೊತೆಗಾರರಲ್ಲಿ ಐವರನ್ನ 1696ರಲ್ಲಿ ಗಲ್ಲಿಗೆ ಹಾಕಿದ್ರು. ಎವರಿ ಮಾತ್ರ ಕೈಗೆ ಸಿಗಲೇ ಇಲ್ಲ.

4/6
ಈಗ ನನಗೆ ತುಂಬಾ ಇಷ್ಟ ಆದ ಭಾಗಕ್ಕೆ ಬರೋಣ. ಬೇಯ್ಲಿಗೆ ಸಿಕ್ಕಿದ್ದು ಒಂದೇ ನಾಣ್ಯ. ಒಂದೇ ನಾಣ್ಯ ಇಟ್ಕೊಂಡು ಏನೂ ಸಾಬೀತು ಮಾಡೋಕಾಗಲ್ಲ. ಆದ್ರೆ ಅದೇ ಹವ್ಯಾಸದ ಬೇರೆಯವರ ಹತ್ರಾನೂ ಅಂಥವು ಇದ್ದವು! ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್, ಕನೆಕ್ಟಿಕಟ್, ನಾರ್ತ್ ಕೆರೊಲೈನಾ ಸೇರಿ ಆ ಕಾಲದ ಹದಿನೈದಕ್ಕೂ ಹೆಚ್ಚು ಅರಬ್ ನಾಣ್ಯ ಬೆಳಕಿಗೆ ಬಂದಿವೆ. ಒಬ್ಬರು ಸಿಕ್ಕ ಜಾಗ ಹೇಳಿದ್ರು, ಇನ್ನೊಬ್ಬರು ಅಕ್ಷರ ಓದಿದ್ರು, ಮತ್ತೊಬ್ಬರು ಹಳೇ ಬಂದರಿನ ಕಡತ ತೆಗೆದ್ರು. 1696ರಲ್ಲಿ 'ಸೀ ಫ್ಲವರ್' ಅನ್ನೋ ಹಡಗು ಗುಲಾಮರನ್ನ ತುಂಬ್ಕೊಂಡು ನ್ಯೂಪೋರ್ಟ್‌ಗೆ ಬಂದಿತ್ತು. ಎವರಿಯ ಜನ ಗುಲಾಮರ ವ್ಯಾಪಾರಿಗಳ ವೇಷದಲ್ಲಿ ಅಮೆರಿಕ ಸೇರಿದ್ರು ಅನ್ನೋದು ಬೇಯ್ಲಿಯ ವಾದ. ಎಲ್ಲರೂ ಒಪ್ಪಲೇಬೇಕು ಅಂತೇನಿಲ್ಲ. ಆದ್ರೆ ವಾದ ಮಾಡೋಕೆ ಮಣ್ಣಿಂದ ಬಂದ ಪುರಾವೆ ಈಗ ಮುಂದಿದೆ. ಸಿಕ್ಕಿದ್ದನ್ನ ಎಲ್ಲರೂ ಗುಟ್ಟಾಗಿ ಪೆಟ್ಟಿಗೆಯಲ್ಲಿ ಇಟ್ಟಿದ್ರೆ ಈ ಕಥೆ ಹುಟ್ತಾನೇ ಇರಲಿಲ್ಲ.

5/6
ಈ ಹುಚ್ಚಿನ ಚಂದ ಏನಂದ್ರೆ, ಯಾರು ಎಲ್ಲಿಂದ ಬೇಕಾದ್ರೂ ಒಳಗೆ ಬರಬಹುದು. ಪುಸ್ತಕದ ಹುಳುಗಳಿಗೆ 1724ರಲ್ಲಿ ಬಂದ ಕ್ಯಾಪ್ಟನ್ ಚಾರ್ಲ್ಸ್ ಜಾನ್ಸನ್‌ನ ಕಡಲ್ಗಳ್ಳರ ಚರಿತ್ರೆ ಇದೆ. ಅದನ್ನ ನಿಜವಾಗಿ ಬರೆದವರು ಯಾರು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಮುಳುಗು ಹಾಕೋರಿಗೆ ಕ್ಯಾಪ್ಟನ್ ಕಿಡ್ ಬಿಟ್ಟುಹೋದ ಹಡಗು 'ಕ್ವೆಡಾ ಮರ್ಚೆಂಟ್' ಇದೆ. 2007ರಲ್ಲಿ ಡೊಮಿನಿಕನ್ ಗಣರಾಜ್ಯದ ಹತ್ತಿರ, ಕೇವಲ ಮೂರು ಮೀಟರ್ ಆಳದಲ್ಲಿ ಗುರುತು ಸಿಕ್ತು. ಇದೇ ಕಿಡ್ 1697ರಲ್ಲಿ ನಮ್ಮ ಕಾರವಾರಕ್ಕೂ ಬಂದು ಲಂಗರು ಹಾಕಿದ್ದ. ಅಲ್ಲಿ ಇಂಗ್ಲಿಷರ ಕೋಠಿ ಇತ್ತು, ಅವನ ಕೆಲವು ಜನ ಹಡಗು ಬಿಟ್ಟು ಓಡಿಹೋದ್ರು.

ನಮ್ಮಂಥ ಬಿಕಾಂ ಮಂದಿಗೂ ಜಾಗ ಇದೆ ಮಾರಾಯ್ರೆ! ಬಾರ್ಥಲೋಮ್ಯೂ ರಾಬರ್ಟ್ಸ್ ಹಡಗಿನ ಕರಾರು ನೋಡಿ. ಕ್ಯಾಪ್ಟನ್‌ಗೆ ಎರಡು ಪಾಲು, ಸಾಮಾನ್ಯ ನಾವಿಕನಿಗೆ ಒಂದು. ಕೈಯೋ ಕಾಲೋ ಕಳ್ಕೊಂಡವನಿಗೆ ಎಲ್ಲರ ಹಣದಿಂದ 800 ಬೆಳ್ಳಿ ಡಾಲರ್ ಪರಿಹಾರ. ಪಾರ್ಟ್ನರ್‌ಶಿಪ್ ಡೀಡ್, ಪ್ರಾಫಿಟ್ ಶೇರಿಂಗ್ ರೇಶಿಯೋ ಎಲ್ಲಾ ನೆನಪಾಯ್ತಾ? ಇದರ ಮೇಲೆ ಪೀಟರ್ ಲೀಸನ್ ಅನ್ನೋ ಅರ್ಥಶಾಸ್ತ್ರಜ್ಞ 2009ರಲ್ಲಿ ಒಂದು ಪುಸ್ತಕವನ್ನೇ ತಂದ್ರು.

6/6
ಕೊನೇದಾಗಿ ಒಂದು ಮಾತು. ಸಿನಿಮಾ ನೋಡಿ ಕಡಲ್ಗಳ್ಳರು ಅಂದ್ರೆ ಟೋಪಿ, ಗಿಳಿ, ರಮ್ ಅನ್ಕೊಂಡಿರ್ತೀವಿ. ಸಮಪಾಲು, ಓಟು ಹಾಕಿ ಆರಿಸಿದ ನಾಯಕ, ಇದೆಲ್ಲ ಕೇಳಿದ್ರೆ ಯಾರಿಗಾದ್ರೂ ಅವರ ಮೇಲೆ ಪ್ರೀತಿ ಬರುತ್ತೆ. ಆದ್ರೆ ಅವರು ಅಷ್ಟು ನ್ಯಾಯವಾಗಿ ಹಂಚ್ಕೊಂಡ ಹಣ ಯಾರದ್ದು? ಹಜ್ ಮುಗಿಸಿ ಮನೆಗೆ ಹೊರಟವರದ್ದು. ಆ ಹಡಗಿನ ಹೆಂಗಸರಲ್ಲಿ ಕೆಲವರು ಮಾನ ಉಳಿಸ್ಕೊಳ್ಳೋಕೆ ಸಮುದ್ರಕ್ಕೆ ಹಾರಿದ್ರಂತೆ. ಅವರ ಹೆಸರು ನಮಗೆ ಉಳಿದಿಲ್ಲ, ಎವರಿ ಹೆಸರು ಮಾತ್ರ ಎಲ್ಲರಿಗೂ ಗೊತ್ತು. ತೋಟದ ನಾಣ್ಯ ನೋಡಿದಾಗ ನೀವು ಕದ್ದವನ ಜೊತೆಗೆ ಕಳ್ಕೊಂಡವರನ್ನೂ ನೆನೆಸ್ಕೊಳ್ಳಿ. ಕೂಡಿ ಹುಡುಕೋ ಹುಚ್ಚಿಗೆ ಆಗಲೇ ಬೆಲೆ.

ನಿಮ್ಮ ಮನೇಲಿ ಹಳೇ ನಾಣ್ಯ ಇದ್ಯಾ? ಕಾರವಾರ, ಭಟ್ಕಳ, ಹೊನ್ನಾವರ ಕಡೆಯವರು ಯಾರಾದ್ರೂ ಇದ್ದೀರಾ? ಅಜ್ಜ ಅಜ್ಜಿ ಹೇಳಿದ ಹಡಗಿನ ಕಥೆ ಇದ್ರೆ ಕಾಮೆಂಟ್‌ನಲ್ಲಿ ಬರೀರಿ. ಇತಿಹಾಸ ಬೋರ್ ಅನ್ನೋ ಫ್ರೆಂಡ್‌ಗೆ ಇದನ್ನ ಕಳ್ಸಿ 🏴‍☠️

#ಇತಿಹಾಸ #ಕಡಲ್ಗಳ್ಳರು #ಗಂಜ್‌ಇಸವಾಯಿ #ಕಾರವಾರ #ಕನ್ನಡದಲ್ಲಿಇತಿಹಾಸ