ಮೋಡಲ್ ಕ್ರಿಯಾಪದಗಳು
ಸಾಮರ್ಥ್ಯ, ಅನುಮತಿ, ಕಡ್ಡಾಯ, ಊಹೆಗಳನ್ನು ಸೂಚಿಸುವ ಇಂಗ್ಲಿಷಿನ ಸಹಾಯಕ ಕ್ರಿಯಾಪದಗಳು: ಕ್ಯಾನ್, ಮೇ, ಮಸ್ಟ್, ಶುಡ್ ಮೊದಲಾದವು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಇವನ್ನು ಪದಕ್ಕೆ ಪದ ಹೊಂದಿಸಿ ಕಲಿಸಿದರೆ ಸಾಲದು, ಅರ್ಥದಿಂದಲೇ ಹೊರಡಬೇಕು. ‘ಬರಬಹುದು’ ಅನುಮತಿಯೂ ಹೌದು, ಊಹೆಯೂ ಹೌದು. ‘ಬೇಕು’ ಮಸ್ಟ್, ಶುಡ್ ಎರಡಕ್ಕೂ ಸಲ್ಲುತ್ತದೆ. ಆರಂಭಕ್ಕೆ ಸಮಾನಪದ ಸಾಕೆಂಬ ವಾದ ನಿಷೇಧದ ಮುಂದೆ ನಿಲ್ಲದು: ಮಸ್ಟ್ ನಾಟ್ ಡ್ರಿಂಕ್ ಎಂದರೆ ‘ಕುಡಿಯಬೇಕಿಲ್ಲ’ ಅಲ್ಲ, ‘ಕುಡಿಯಕೂಡದು’, ಔಷಧದ ಚೀಟಿಯಲ್ಲಿ ಈ ವ್ಯತ್ಯಾಸ ಪ್ರಾಣದ ಪ್ರಶ್ನೆ. ಅರ್ಥ ಒಂದೇ ಇದ್ದರೂ ಭಾಷೆಯಿಂದ ಭಾಷೆಗೆ ರೂಪ ಬೇರೆಯಾಗುವುದಕ್ಕೆ ಮಸ್ಕಿಯಲ್ಲೇ ಹಳೆಯ ಸಾಕ್ಷ್ಯವಿದೆ. 1915ರಲ್ಲಿ ಬೆಳಕಿಗೆ ಬಂದ ಅಶೋಕನ ಪ್ರಾಕೃತ ಶಾಸನ, ಧರ್ಮನಿಷ್ಠನಾದ ಸಾಮಾನ್ಯನೂ ಗುರಿ ಮುಟ್ಟಬಲ್ಲ, ದೊಡ್ಡವರಿಗಷ್ಟೇ ಅದು ಸಾಧ್ಯವೆಂದು ತಿಳಿಯಬಾರದು ಎನ್ನುತ್ತದೆ. ಅಲ್ಲಿ ಸಾಮರ್ಥ್ಯವನ್ನೂ ವಿಧಿಯನ್ನೂ ಹೊತ್ತಿರುವುದು ಸಹಾಯಕ ಕ್ರಿಯಾಪದಗಳಲ್ಲ, ಧಾತುಗಳಿಂದ ಹುಟ್ಟಿದ ಪದಗಳಾದ ಕೃದಂತಗಳು.